ದವಡೆಗೆ ಎದೆಯ ಮಾಂಸವೋ, ಕಾಲಿನ ಮೂಳೆಯೋ? ಆಮೇಲೆ ಊಟ, ಮಾತು, ತೋಟದ ಕೆಲಸ ಹೇಗೆ?

ಶರಾವತಿ ಮಗಳು:

ಅಪ್ಪನಿಗೆ 59 ವರ್ಷ. ಬಲಗೆನ್ನೆಯ ಒಳಗೆ ಆರದೆ ಉಳಿದ ಹುಣ್ಣು ಕ್ಯಾನ್ಸರ್ ಎಂದು ಬಯಾಪ್ಸಿಯಲ್ಲಿ ಬಂದಿದೆ. ಕೆಳದವಡೆಯ ಮೂಳೆಗೂ ತಾಗಿದೆ ಎಂದು ಸ್ಕ್ಯಾನ್ ಹೇಳುತ್ತದೆ. ಬಾಯಲ್ಲಿ ಎಲೆಯಡಿಕೆಯ ಕವಳ ಇಲ್ಲದ ಅಪ್ಪನನ್ನು ನಾನು ಕಂಡದ್ದೇ ಇಲ್ಲ, ಅದೂ ಹೊಗೆಸೊಪ್ಪು ಸಮೇತ. ಆದ್ದರಿಂದ ಯಾಕೆ ಬಂತು ಎಂಬ ಚರ್ಚೆ ಇಲ್ಲಿ ಬೇಡ.

ನಮ್ಮ ಜಿಲ್ಲೆಯ ಸರ್ಜನ್ ಹೇಳುವುದು: ಗೆನ್ನೆ ಮತ್ತು ದವಡೆಯ ಭಾಗ ತೆಗೆದು ಎದೆಯ ಸ್ನಾಯುವನ್ನು ಚರ್ಮದ ಸಮೇತ ಮೇಲಕ್ಕೆ ತಂದು ಮುಚ್ಚುತ್ತೇವೆ. ಬೆಂಗಳೂರಿನವರು ಹೇಳುವುದು: ಕಾಲಿನ ಸಣ್ಣ ಮೂಳೆಯನ್ನು ರಕ್ತನಾಳದೊಂದಿಗೆ ತೆಗೆದು ದವಡೆ ಕಟ್ಟೋಣ, ಇಡೀ ದಿನದ ಆಪರೇಷನ್. ಯಶಸ್ಸು ಎಷ್ಟು ಎಂದು ಕೇಳಿದರೆ ಇಬ್ಬರೂ ನೂರಕ್ಕೆ ತೊಂಬತ್ತೈದರ ಮೇಲೆ ಎನ್ನುತ್ತಾರೆ. ಯಶಸ್ಸು ಅಂದರೇನು ಎಂದು ಮತ್ತೆ ಕೇಳಿದೆ. ಹಾಕಿದ ಮಾಂಸ ಕೊಳೆಯದೆ ಬದುಕಿ ಉಳಿಯುವುದು, ಅಷ್ಟೇ.

ನನಗೆ ಬೇಕಾದದ್ದು ಬೇರೆ. ಅಪ್ಪ ಏನು ತಿನ್ನಬಲ್ಲ? ಫೋನಿನಲ್ಲಿ ಮಾತಾಡಿದರೆ ಅರ್ಥವಾಗುತ್ತದೆಯೇ? ಸಾಗರದ ಹತ್ತಿರ ಎರಡು ಎಕರೆ ಅಡಿಕೆ ತೋಟ ಇದೆ, ಅದನ್ನು ನೋಡಿಕೊಳ್ಳಬಲ್ಲನೇ? ಅನುಭವ ಇರುವವರು ಬರೆಯಿರಿ. "ಧೈರ್ಯವಾಗಿರಿ" ಎಂದು ಬರೆಯುವವರಿಗೆ ಮುಂಗಡ ವಂದನೆ, ಬರೆಯಬೇಡಿ.

ಬಯಲುಸೀಮೆಯವ:

ಎದೆಯಿಂದ ತರುವುದು ಓಬೀರಾಯನ ಕಾಲದ ಪದ್ಧತಿ. ಈಗ ಎಲ್ಲ ಕಡೆ ಕಾಲಿನ ಮೂಳೆಯನ್ನೇ ಹಾಕುತ್ತಾರೆ. ದುಡ್ಡಿನ ಮುಖ ನೋಡಬೇಡಿ, ಬೆಂಗಳೂರಿಗೇ ಹೋಗಿ.

ಸೂಜಿದಾರ:

ನಾನು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಪ್ಲಾಸ್ಟಿಕ್ ಸರ್ಜನ್. ಎರಡನ್ನೂ ಮಾಡುತ್ತೇನೆ, ಆದ್ದರಿಂದ ಪಕ್ಷಪಾತದ ಆರೋಪ ಬಾರದು ಎಂದುಕೊಂಡಿದ್ದೇನೆ.

ಮೊದಲು ಓಬೀರಾಯನ ವಿಷಯ. ಎದೆಯ ಫ್ಲ್ಯಾಪನ್ನು, ಅಂದರೆ ರಕ್ತನಾಳ ಸಮೇತ ಬೇರೆ ಕಡೆಗೆ ಸಾಗಿಸುವ ಚರ್ಮ, ಮಾಂಸದ ತುಂಡನ್ನು, ಅಮೆರಿಕದ ಸ್ಟೀಫನ್ ಆರಿಯಾನ್ ವರದಿ ಮಾಡಿದ್ದು 1979ರಲ್ಲಿ. ಫಿಬುಲಾ, ಅಂದರೆ ಕಾಲಿನ ಹೊರಬದಿಯ ಸಣ್ಣ ಮೂಳೆಯನ್ನು ರಕ್ತನಾಳ ಸಮೇತ ಸಾಗಿಸುವುದನ್ನು ಆಸ್ಟ್ರೇಲಿಯಾದ ಇಯನ್ ಟೇಲರ್ ತೋರಿಸಿದ್ದು 1975ರಲ್ಲೇ. ಅದರಿಂದ ದವಡೆ ಕಟ್ಟಬಹುದೆಂದು ಡೇವಿಡ್ ಹಿಡಾಲ್ಗೊ ವರದಿ ಮಾಡಿದ್ದು 1989ರಲ್ಲಿ. ವಯಸ್ಸಿನಲ್ಲಿ ದೊಡ್ಡ ಅಂತರವೇನೂ ಇಲ್ಲ. ವ್ಯತ್ಯಾಸ ಇರುವುದು ಕೆಲಸದಲ್ಲಿ. ಎದೆಯ ಫ್ಲ್ಯಾಪಿನ ರಕ್ತನಾಳವನ್ನು ಕತ್ತರಿಸುವುದಿಲ್ಲ. ಕುತ್ತಿಗೆಯ ಚರ್ಮದ ಅಡಿಯಲ್ಲಿ ದಾರಿ ಮಾಡಿ ಬಾಯಿಗೆ ಎಳೆದು ತರುತ್ತೇವೆ. ಫಿಬುಲಾದಲ್ಲಿ ಎರಡು ಮೂರು ಮಿಲಿಮೀಟರ್ ಅಗಲದ ನಾಳಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಕುತ್ತಿಗೆಯ ನಾಳಗಳಿಗೆ ಹೊಲಿಯಬೇಕು. ಮೊದಲ ಎರಡು ಮೂರು ದಿನ ನರ್ಸ್ ಗಂಟೆಗಂಟೆಗೂ ಬಣ್ಣ, ಬಿಸಿ ನೋಡುತ್ತಿರಬೇಕು. ರಕ್ತ ಕಟ್ಟಿದರೆ ನಡುರಾತ್ರಿಯಲ್ಲೂ ಮತ್ತೆ ಥಿಯೇಟರಿಗೆ ಕರೆದೊಯ್ಯುವ ತಂಡ ಬೇಕು. ಅಂಥ ತಂಡ ಇಲ್ಲದ ಕಡೆ ಎದೆಯ ಫ್ಲ್ಯಾಪ್ ಹಾಕುವವನು ಹಿಂದುಳಿದವನಲ್ಲ, ವಿವೇಕಿ.

ಈಗ ನಿಮ್ಮ ಪ್ರಶ್ನೆ. ಯಾವ ಫ್ಲ್ಯಾಪ್ ಎನ್ನುವುದಕ್ಕಿಂತ ದವಡೆಯ ಯಾವ ಭಾಗ ಹೋಗುತ್ತದೆ ಎನ್ನುವುದು ಮುಖ್ಯ. ಗದ್ದದ ಮೂಳೆ ಹೋದರೆ ಅಲ್ಲಿ ಮೂಳೆಯನ್ನೇ ಹಾಕಬೇಕು, ಅದರಲ್ಲಿ ನನಗೆ ರಾಜಿ ಇಲ್ಲ. ಇಲ್ಲದಿದ್ದರೆ ಕೆಳತುಟಿ ಒಳಗೆ ಕುಸಿಯುತ್ತದೆ, ಜೊಲ್ಲು ನಿಲ್ಲುವುದಿಲ್ಲ, ನಾಲಿಗೆಗೆ ಮುಂದಿನ ಆಸರೆ ತಪ್ಪುತ್ತದೆ. ಬರಿಯ ಲೋಹದ ಪಟ್ಟಿ ಹಾಕಿ ಮಾಂಸ ಮುಚ್ಚಿದರೆ ಆ ಪಟ್ಟಿ ಮುಂದೆ ಚರ್ಮ ಹರಿದು ಹೊರಬರುವ ಅಪಾಯ ಹೆಚ್ಚು. ಆದರೆ ಕಿವಿಯ ಕೆಳಗಿನ ಮೂಲೆ, ಅಂದರೆ ದವಡೆಯ ಹಿಂಭಾಗ ಮಾತ್ರ ಹೋಗುವುದಾದರೆ ಮೂಳೆ ಇಲ್ಲದೆಯೂ ಬದುಕು ನಡೆಯುತ್ತದೆ. ಉಳಿದ ದವಡೆ ಆಪರೇಷನ್ ಆದ ಕಡೆಗೆ ವಾಲುತ್ತದೆ, ಹಲ್ಲು ಹಲ್ಲಿಗೆ ಸರಿಯಾಗಿ ಕೂರುವುದಿಲ್ಲ. ಮೊದಲಿನಿಂದಲೇ ವ್ಯಾಯಾಮ ಮಾಡಿಸಿ, ಹಲ್ಲಿಗೆ ದಾರಿ ತೋರುವ ತಗಡು ಹಾಕಿಸಿದರೆ ಅದನ್ನು ಬಹಳಷ್ಟು ತಡೆಯಬಹುದು.

ಸ್ಕ್ಯಾನ್ ನೋಡದೆ ಅಪ್ಪನಿಗೆ ಇದೇ ಸರಿ ಎಂದು ನಾನು ಹೇಳುವುದಿಲ್ಲ. ನೀವು ಹೋಗಿ ಕೇಳಿ: ಗದ್ದ ಉಳಿಯುತ್ತದೆಯೇ? ನಾಲಿಗೆಯಲ್ಲಿ ಎಷ್ಟು ಉಳಿಯುತ್ತದೆ? ತುಟಿಯ ಕೊನೆ ಉಳಿಯುತ್ತದೆಯೇ?

ದವಡೆ ಬಿಟ್ಟವ:

ದಾವಣಗೆರೆಯವನು ನಾನು. ಎಡ ದವಡೆ ಹೋಗಿ ಮೂರನೆಯ ವರ್ಷ ನಡೆಯುತ್ತಿದೆ. ಹಾಕಿದ್ದು ಎದೆಯ ಫ್ಲ್ಯಾಪ್.

ಡಾಕ್ಟರು ಹೇಳದ ಒಂದು ಸಂಗತಿ ಹೇಳುತ್ತೇನೆ, ನಗಬೇಡಿ. ಎದೆಯಲ್ಲಿ ಕೂದಲಿದ್ದವರಿಗೆ ಬಾಯೊಳಗೂ ಕೂದಲು ಬೆಳೆಯುತ್ತದೆ! ಅನ್ನದ ಅಗುಳು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ರೇಡಿಯೇಷನ್ ಆದ ಮೇಲೆ ಬಹುಪಾಲು ಉದುರಿತು, ಆದರೆ ಮೊದಲ ಸಲ ಕನ್ನಡಿಯಲ್ಲಿ ನೋಡಿಕೊಂಡಾಗ ಹೆಂಡತಿ ಹೆದರಿದಳು, ನಾನು ನಕ್ಕೆ. ಕುತ್ತಿಗೆಯಲ್ಲಿ ದಪ್ಪ ಹಗ್ಗದಂತೆ ಉಬ್ಬು ಇತ್ತು. ವರ್ಷ ಕಳೆಯುವಷ್ಟರಲ್ಲಿ ಅದು ಕರಗಿ ಕುತ್ತಿಗೆ ಬಿಗಿಯಾಯಿತು.

ಹೊಸ ಗೆನ್ನೆಗೆ ಸ್ಪರ್ಶಜ್ಞಾನ ಇಲ್ಲ. ಕಾಫಿ ಎಷ್ಟು ಬಿಸಿ ಎಂದು ಆ ಕಡೆಗೆ ತಿಳಿಯುವುದಿಲ್ಲ, ಸುಟ್ಟುಕೊಂಡಿದ್ದೇನೆ. ಊಟವಾದ ಮೇಲೆ ಬೆರಳು ಹಾಕಿ ನೋಡಿದರೆ ಪಲ್ಯ ಅಲ್ಲೇ ಕುಳಿತಿರುತ್ತದೆ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಲ್ಲದ ದಾವಣಗೆರೆಯ ಸಂಜೆ ಹೇಗಿರುತ್ತದೆ ಎಂದು ಕೇಳಬೇಡಿ. ಇಡ್ಲಿ, ಮೊಸರನ್ನ, ಉಪ್ಪಿಟ್ಟು, ಹಾಲಿನಲ್ಲಿ ನೆನೆಸಿದ ರೊಟ್ಟಿ ನಡೆಯುತ್ತವೆ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂರುವುದಿಲ್ಲ. ತಿನ್ನಲು ಆಗದೆಂದಲ್ಲ, ಸಾರು ತುಟಿಯ ಮೂಲೆಯಿಂದ ಇಳಿಯುತ್ತದೆ, ಎದುರು ಕುಳಿತವರು ಎಲೆ ಬಿಟ್ಟು ನನ್ನನ್ನು ನೋಡುತ್ತಾರೆ.

ಮಾತು? ಅಂಗಡಿ ನಡೆಸುತ್ತಿದ್ದೇನೆ. ಗಿರಾಕಿಗಳಿಗೆ ಅರ್ಥವಾಗುತ್ತದೆ, ಸಾಲ ಕೇಳುವವರಿಗೆ ಮಾತ್ರ ಅರ್ಥವಾಗುವುದಿಲ್ಲ.

ಹುಬ್ಬಳ್ಳಿ ಗೃಹಿಣಿ:

ನಮ್ಮ ಯಜಮಾನರಿಗೆ ಕಾಲಿನ ಮೂಳೆ ಹಾಕಿದ್ದು. ಗದ್ದವೇ ಹೋಗಿತ್ತು, ಬೇರೆ ದಾರಿ ಇರಲಿಲ್ಲ. ಮುಖ ನೋಡಿದರೆ ಆಪರೇಷನ್ ಆಗಿದೆ ಎಂದು ಹೊಸಬರಿಗೆ ತಿಳಿಯುವುದೇ ಇಲ್ಲ. ಅದು ಸತ್ಯ.

ಆದರೆ ಕಾಲಿನ ಕಥೆ ಯಾರೂ ಹೇಳಿರಲಿಲ್ಲ. ನಡೆಯಲು ಬೇಗ ಶುರುಮಾಡಿದರು, ಈಗ ನಡಿಗೆಯಲ್ಲಿ ಕುಂಟು ಇಲ್ಲ. ಹೆಬ್ಬೆರಳನ್ನು ಮೊದಲಿನಂತೆ ಮಡಚಲು ಆಗುವುದಿಲ್ಲ, ಹವಾಯಿ ಚಪ್ಪಲಿ ಕಾಲಿನಲ್ಲಿ ನಿಲ್ಲುವುದಿಲ್ಲ. ಚರ್ಮ ಕಸಿ ಮಾಡಿದ ಜಾಗದಲ್ಲಿ ಚಳಿಗಾಲದಲ್ಲಿ ತುರಿಕೆ. ಎಲ್ಲಕ್ಕಿಂತ ದೊಡ್ಡ ಕಷ್ಟ ಕುಕ್ಕರಗಾಲಿನಲ್ಲಿ ಕೂರುವುದು. ಮನೆಯಲ್ಲಿ ಕಮೋಡ್ ಹಾಕಿಸಿದೆವು. ಹೊಲಕ್ಕೆ ಹೋದರೆ ಕಳೆ ಕೀಳಲು ಮಣೆ ತೆಗೆದುಕೊಂಡು ಹೋಗುತ್ತಾರೆ.

ಇನ್ನೊಂದು. ಮೂಳೆ ಹಾಕಿದರೆ ಹಲ್ಲು ಬಂದುಬಿಡುತ್ತದೆ ಎಂದು ನಾವು ತಿಳಿದಿದ್ದೆವು. ಬರುವುದಿಲ್ಲ. ಮೂಳೆಯಲ್ಲಿ ಇಂಪ್ಲಾಂಟ್ ಎಂಬ ಲೋಹದ ತಿರುಪು ಕೂರಿಸಿ ಹಲ್ಲು ಕಟ್ಟುವುದು ಬೇರೆಯೇ ಕೆಲಸ, ಬೇರೆಯೇ ಖರ್ಚು. ಆಪರೇಷನ್ನಿಗೆ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕಾರ್ಡಿನಿಂದ ಅನುಕೂಲವಾಯಿತು. ಹಲ್ಲಿಗೆ ಕೈಯಿಂದಲೇ ಹಾಕಬೇಕಿತ್ತು, ಹಾಕಲು ಆಗಲಿಲ್ಲ. ಚೆಂದದ ದವಡೆ ಇದೆ, ಜೋಳದ ರೊಟ್ಟಿಯನ್ನು ಸಾರಿನಲ್ಲಿ ಮುಳುಗಿಸಿಯೇ ತಿನ್ನುತ್ತಾರೆ.

ಬಯಲುಸೀಮೆಯವ:

ಹಾಗಾದರೆ ಹತ್ತು ಗಂಟೆಯ ಆಪರೇಷನ್ ಮಾಡಿಸಿ ಏನು ಬಂತು?

ಹುಬ್ಬಳ್ಳಿ ಗೃಹಿಣಿ:

ಜೊಲ್ಲು ಸುರಿಯುವುದಿಲ್ಲ. ಮೊಮ್ಮಗು ಹತ್ತಿರ ಬರುತ್ತದೆ. ನಿಮಗೆ ಅದು ಸಣ್ಣದಾಗಿ ಕಂಡರೆ ನನ್ನ ಉತ್ತರ ಮುಗಿಯಿತು.

ಸೂಜಿದಾರ:

ಅಕ್ಕ ಹೇಳಿದ ಕುಕ್ಕರಗಾಲಿನ ಮಾತು ನಮ್ಮವರೇ ಗಮನಿಸಬೇಕಾದದ್ದು. ಪಾದದ ಕೀಲು ಅಲುಗಾಡದಿರಲಿ ಎಂದು ಫಿಬುಲಾದ ಕೆಳತುದಿಯಲ್ಲಿ ಆರೇಳು ಸೆಂಟಿಮೀಟರ್ ಬಿಟ್ಟೇ ನಾವು ತೆಗೆಯುತ್ತೇವೆ. ನಡಿಗೆಗೆ ಅಷ್ಟು ಸಾಕು. ಫಿಬುಲಾ ತೆಗೆದ ಕಾಲಿನ ಬಗ್ಗೆ ಪಶ್ಚಿಮದಿಂದ ಬಂದ ಪ್ರಶ್ನಾವಳಿಗಳು ನಡಿಗೆ, ಮೆಟ್ಟಿಲು, ಓಟ ಕೇಳುತ್ತವೆ. ಚಕ್ಕಳಮಕ್ಕಳ ಹಾಕಿ ಪೂಜೆಗೆ ಕೂರಬಲ್ಲಿರಾ, ನಾಟಿ ಮಾಡಬಲ್ಲಿರಾ ಎಂದು ಕೇಳುವುದಿಲ್ಲ. ಹಾಗಾಗಿ ಕಾಗದದಲ್ಲಿ ಕಾಲಿಗೆ ಪೂರ್ಣ ಅಂಕ, ಮನೆಯಲ್ಲಿ ಮಣೆ.

ಇತಿಹಾಸದ ಹುಚ್ಚ:

ವಿಷಯಾಂತರಕ್ಕೆ ಕ್ಷಮೆ ಇರಲಿ. ಚರ್ಮವನ್ನು ಬುಡ ಬಿಡಿಸದೆ ತಿರುಗಿಸಿ ಹಚ್ಚುವ ವಿದ್ಯೆ ಯುರೋಪಿನಲ್ಲಿ ಮತ್ತೆ ಜೀವ ಪಡೆದದ್ದರ ಹಿಂದೆ ಮೈಸೂರು ಯುದ್ಧ ಇದೆ. 1792ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಎಂಬ ಮರಾಠಾ ಸೀಮೆಯವನು ಟಿಪ್ಪುವಿನವರಿಗೆ ಸೆರೆಸಿಕ್ಕಿ ಮೂಗು ಮತ್ತು ಒಂದು ಕೈ ಕಳೆದುಕೊಂಡ. ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹಣೆಯ ಚರ್ಮದಿಂದ ಅವನಿಗೆ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಆ ವರದಿ ಬಂತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದೇ ಶಸ್ತ್ರಚಿಕಿತ್ಸೆ ಮಾಡಿದರು. ಆ ವರದಿಯೂ ಹೊಗಳಿದ್ದು ಮೂಗಿನ ಅಂದವನ್ನೇ ಎನ್ನುವುದು ಇಲ್ಲಿಗೆ ಸಂಬಂಧಿಸಿದ್ದು.

ಮಾತುಗಾತಿ:

ಮೂಗಿನಿಂದ ನಾಲಿಗೆಗೆ ಇಳಿಯೋಣ. ನಾನು ವಾಕ್ ಮತ್ತು ನುಂಗುವಿಕೆಯ ಚಿಕಿತ್ಸಕಿ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿತವಳು.

ತಲೆ, ಕುತ್ತಿಗೆಯ ಕ್ಯಾನ್ಸರ್ ಆದವರ ಸ್ಥಿತಿ ಅಳೆಯಲು 1990ರಿಂದ ಬಳಕೆಯಲ್ಲಿರುವ ಒಂದು ಮಾಪನ ಇದೆ. ಅದು ಮೂರೇ ಸಂಗತಿ ಕೇಳುತ್ತದೆ: ಜನರೆದುರು ಉಣ್ಣುತ್ತಾರೆಯೇ, ಮಾತು ತಿಳಿಯುತ್ತದೆಯೇ, ಊಟ ಎಷ್ಟು ಮಾಮೂಲಿ. ದಾವಣಗೆರೆಯವರು ಬರೆದ ಪಂಕ್ತಿಯ ಸಂಗತಿ ಅದರಲ್ಲಿ ಮೊದಲಿನದೇ. ಆದರೆ ಊಟದ ಏಣಿ ನೋಡಿ, ನೂರಕ್ಕೆ ಅಂಕ: ಶೇಂಗಾ ತಿಂದರೆ 90, ಮಾಂಸಕ್ಕೆ 80, ಹಸಿ ಕ್ಯಾರೆಟ್ಟಿಗೆ 70, ಒಣ ಬ್ರೆಡ್ಡಿಗೆ 60. ರಾಗಿ ಮುದ್ದೆ ಎಲ್ಲಿ ಕೂರುತ್ತದೆ? ಅದನ್ನು ಅಗಿಯುವುದೇ ಇಲ್ಲ. ಹಲ್ಲಿಲ್ಲದ ಮಂಡ್ಯದ ಅಜ್ಜನೂ ಉಣ್ಣುತ್ತಾನೆ. ದವಡೆ ಹೋಗಿ ನಾಲಿಗೆ ಪೂರ್ತಿ ಇರುವವರಿಗೆ ತೆಳು ಸಾರಿನಲ್ಲಿ ಸಣ್ಣ ಸಣ್ಣ ತುತ್ತಿನ ಮುದ್ದೆ ಎಷ್ಟೋ ಸಲ ಚಪಾತಿಗಿಂತ ಸುಲಭ. ನಾಲಿಗೆ ಅರ್ಧ ಹೋದವರಿಗೆ ಅದೇ ಮುದ್ದೆ ಅಪಾಯ, ಏಕೆಂದರೆ ತುತ್ತನ್ನು ಹಿಂದಕ್ಕೆ ತಳ್ಳುವುದು ನಾಲಿಗೆ. ಗಂಟಲಿನಲ್ಲಿ ನಿಂತರೆ ಉಸಿರಿಗೆ ಕುತ್ತು. ಊಟಕ್ಕೆ ಹಾಕಿದ ಮೂಗಿನ ನಳಿಕೆ ತೆಗೆಸಿದ ದಿನವೇ ಮನೆಯಲ್ಲಿ ಪ್ರಯೋಗ ಮಾಡಬೇಡಿ. ನುಂಗುವ ಪರೀಕ್ಷೆ ಮಾಡಿಸಿ, ಗಂಜಿಯಿಂದ ಮೇಲೆ ಹತ್ತಿ.

ಮಾತಿಗೂ ಅದೇ ನಿಯಮ. ಗೆನ್ನೆ ಮತ್ತು ದವಡೆಯ ಆಪರೇಷನ್ನಿನಲ್ಲಿ ತುಟಿಯ ನರ ಸೋತರೆ ಪ, ಬ, ಮ ಸೋರುತ್ತವೆ, ಆದರೂ ಮಾತು ತಿಳಿಯುತ್ತದೆ. ನಾಲಿಗೆಯ ತುದಿ ಹೋದರೆ ಟ, ಡ, ಣ, ಳ ಹೋಗುತ್ತವೆ. ನಾಲಿಗೆಯ ತುದಿಯನ್ನು ಮೇಲಕ್ಕೆ ಮಡಚಿ ಆಡುವ ಅಕ್ಷರಗಳು ಇಂಗ್ಲಿಷಿಗಿಂತ ನಮ್ಮಲ್ಲಿ ಎಷ್ಟು ಹೆಚ್ಚು ಎಂದು ರೋಗಿಗಳ ಜೊತೆ ಕೂತಾಗಲೇ ನನಗೆ ಚೆನ್ನಾಗಿ ತಿಳಿದದ್ದು. ಫ್ಲ್ಯಾಪ್ ತಾನಾಗಿ ಅಲುಗಾಡುವುದಿಲ್ಲ. ಉಳಿದ ನಾಲಿಗೆ ಅದನ್ನು ಎಳೆದಾಡಬೇಕು. ಅದಕ್ಕೇ ಅರ್ಧ ನಾಲಿಗೆ ಉಳಿದರೆ ಮುಂದೋಳಿನ ತೆಳು ಚರ್ಮ ಒಳ್ಳೆಯದು. ನಾಲಿಗೆ ಪೂರ್ತಿ ಹೋದರೆ ತೊಡೆಯ ದಪ್ಪ ಫ್ಲ್ಯಾಪ್ ಒಳ್ಳೆಯದು, ಕನಿಷ್ಠ ಅಂಗುಳಕ್ಕೆ ತಾಗುತ್ತದೆ.

ಹಾವೇರಿ ಮೇಷ್ಟ್ರು:

ಸಾಕ್ಷಿ ಬೇಕಾದರೆ ನಾನಿದ್ದೇನೆ. ಅರ್ಧ ನಾಲಿಗೆ ಹೋಗಿ ಎಡಗೈ ಮುಂದೋಳಿನಿಂದ ಹಾಕಿದ್ದಾರೆ. ಕೈಗೆ ರಕ್ತ ಹರಿಸುವ ಎರಡು ನಾಳಗಳಲ್ಲಿ ಒಂದನ್ನು ತೆಗೆಯುತ್ತಾರೆ, ಆದ್ದರಿಂದ ಇನ್ನೊಂದೇ ಸಾಕೇ ಎಂದು ಮುಷ್ಟಿ ಹಿಡಿಸಿ ಒತ್ತಿ ಪರೀಕ್ಷಿಸಿದರು. ಬರೆಯುವ ಕೈ ಯಾವುದು ಎಂದು ಕೇಳಿ ಮತ್ತೊಂದನ್ನು ಆರಿಸಿದರು. ಹೆಬ್ಬೆರಳಿನ ಹಿಂಬದಿ ಮರಗಟ್ಟಿದೆ, ಹಿಡಿತಕ್ಕೆ ತೊಂದರೆ ಇಲ್ಲ.

ಎಂಟನೆಯ ತರಗತಿಗೆ ಕನ್ನಡ ಕಲಿಸುತ್ತೇನೆ. "ಬೆಳಗಾಯಿತು" ಎಂದರೆ ಮಕ್ಕಳಿಗೆ "ಬೆಲಗಾಯಿತು" ಎಂದು ಕೇಳಿಸುತ್ತದೆ. ಮೊದಲ ವಾರ ನಕ್ಕರು, ಆಮೇಲೆ ಬಿಟ್ಟರು. ನಿಧಾನವಾಗಿ ಆಡುವುದು, ಕಷ್ಟದ ಪದವನ್ನು ಬೋರ್ಡಿನ ಮೇಲೆ ಬರೆಯುವುದು, ಮೈಕ್ ಬಳಸುವುದು ಅಭ್ಯಾಸವಾಗಿದೆ. ಫೋನ್ ಮಾತ್ರ ಕಷ್ಟ, ತುಟಿ ಕಾಣದಿದ್ದರೆ ಎದುರಿನವರು ಸೋಲುತ್ತಾರೆ. ನಿಮ್ಮ ಅಪ್ಪನ ನಾಲಿಗೆ ಪೂರ್ತಿ ಉಳಿದರೆ ಫೋನಿನ ಚಿಂತೆ ಅಷ್ಟಾಗಿ ಬೇಡ.

ಭುಜಬಲ:

ಫಿಸಿಯೋಥೆರಪಿಯವನು. ಎಲ್ಲರೂ ಬಾಯಿಯ ಬಗ್ಗೆಯೇ ಬರೆದಿರಿ, ತೋಟದ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ.

ಕ್ಯಾನ್ಸರ್ ಹರಡಬಹುದಾದ ಕುತ್ತಿಗೆಯ ಗಂಟುಗಳನ್ನೂ ಇದೇ ಆಪರೇಷನ್ನಿನಲ್ಲಿ ತೆಗೆಯುವಾಗ ಭುಜವನ್ನು ಮೇಲೆತ್ತುವ ಸ್ನಾಯುವಿನ ನರ ಅಲ್ಲೇ ಹಾದುಹೋಗುತ್ತದೆ. ಕತ್ತರಿಸದೆ ಉಳಿಸಿದರೂ ಎಳೆದಾಡಿದ್ದಕ್ಕೇ ತಿಂಗಳುಗಟ್ಟಲೆ ಸೋತಿರುತ್ತದೆ. ಅದೇ ಪಕ್ಕದ ಎದೆಯ ಸ್ನಾಯುವನ್ನೂ ತೆಗೆದರೆ ಒಂದೇ ಭುಜಕ್ಕೆ ಎರಡು ಪೆಟ್ಟು. ಅಂಗಡಿಯಲ್ಲಿ ಕುಳಿತು ವ್ಯಾಪಾರ ಮಾಡುವವರಿಗೆ ಇದು ಗೊತ್ತೇ ಆಗದಿರಬಹುದು. ಅಡಿಕೆಯವರಿಗೆ ಹಾಗಲ್ಲ. ದೋಟಿಯಿಂದ, ಅಂದರೆ ಉದ್ದ ಕೋಲಿನಿಂದ, ಕೊನೆ (ಅಡಿಕೆ ಗೊಂಚಲು) ಕೊಯ್ಯುವುದು, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು, ಎಲ್ಲವೂ ತಲೆಯ ಮೇಲೆ ಕೈ ಎತ್ತಿ ಮಾಡುವ ಕೆಲಸ. ಕಾರ್ಬನ್ ಫೈಬರ್ ದೋಟಿ ಹಗುರ ಎನ್ನುತ್ತಾರೆ, ಸೋತ ಭುಜಕ್ಕೆ ಅದೂ ಭಾರ. ಅಡಿಕೆ ಸುಲಿಯುವುದು, ಲೆಕ್ಕ ನೋಡುವುದು, ನೀರು ಬಿಡುವುದು ಆಗುತ್ತದೆ. ಸರ್ಜನ್ ಬಳಿ "ಅಪ್ಪ ದೋಟಿ ಹಿಡಿಯುವವರು" ಎಂದು ಹೇಳಿದ್ದೀರಾ? ಹೇಳಿ. ಅವರ ಕೇಸ್ ಶೀಟಿನಲ್ಲಿ "ಕೃಷಿಕ" ಎಂದಷ್ಟೇ ಇರುತ್ತದೆ.

ದವಡೆ ಬಿಟ್ಟವ:

ಬಾಯಿ ತೆರೆಯುವ ವ್ಯಾಯಾಮದ ಬಗ್ಗೆಯೂ ಬರೆಯಿರಿ. ರೇಡಿಯೇಷನ್ ಮುಗಿದ ಮೇಲೆ ಸೋಮಾರಿತನ ಮಾಡಿದವರ ಗತಿಯನ್ನು ನಮ್ಮ ವಾರ್ಡಿನಲ್ಲೇ ನೋಡಿದ್ದೇನೆ, ಚಮಚ ಒಳಗೆ ಹೋಗುವುದಿಲ್ಲ.

ಸೂಜಿದಾರ:

ಹೌದು. ಆಪರೇಷನ್ ಆದ ಆರು ವಾರದೊಳಗೆ ರೇಡಿಯೇಷನ್ ಶುರುವಾಗಬೇಕು, ಸಾಮಾನ್ಯವಾಗಿ ಮೂವತ್ತು ಸಲ, ಆರು ವಾರ. ನಾವು ಎಷ್ಟೇ ಮೆತ್ತಗಿನ ಚರ್ಮ ಹಾಕಿದರೂ ರೇಡಿಯೇಷನ್ ಅದನ್ನು ಬಿಗಿಯಾಗಿಸುತ್ತದೆ, ಜೊಲ್ಲು ಒಣಗಿಸುತ್ತದೆ. ಮುಂದಿನ ಹಲ್ಲುಗಳ ನಡುವೆ 35 ಮಿಲಿಮೀಟರಿಗಿಂತ ಕಡಿಮೆ ತೆರೆದರೆ ಬಾಯಿ ಕಟ್ಟಿದೆ ಎಂದು ಲೆಕ್ಕ. ಅಡಿಕೆ ಜಗಿದವರಲ್ಲಿ ಬಹುಮಂದಿಗೆ ಗೆನ್ನೆ ಮೊದಲೇ ನಾರುಗಟ್ಟಿರುತ್ತದೆ, ಆಪರೇಷನ್ನಿಗೆ ಮುಂಚೆಯೇ ಎರಡು ಬೆರಳು ಹೋಗುವುದಿಲ್ಲ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ವಾರವಾರ ಒಂದೊಂದು ಹೆಚ್ಚಿಸುವುದು ಅಗ್ಗದ ಉಪಾಯ. ಹೊಲಿಗೆ ಆರಿದ ಮೇಲೆ ಡಾಕ್ಟರು ಹೇಳಿದಾಗ ಶುರುಮಾಡಿ, ರೇಡಿಯೇಷನ್ ನಡುವೆಯೂ ಬಿಡಬೇಡಿ. ಬಾಯಿ ತೆರೆಯದವನಿಗೆ ಚಿನ್ನದ ದವಡೆ ಕಟ್ಟಿಯೂ ಫಲವಿಲ್ಲ.

ಶರಾವತಿ ಮಗಳು:

ಎಲ್ಲರಿಗೂ ಋಣಿ. ನಿಮ್ಮ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಎರಡೂ ಕಡೆ ಮತ್ತೆ ಹೋಗಿದ್ದೆವು. ಗದ್ದ ಉಳಿಯುತ್ತದೆ. ನಾಲಿಗೆ, ತುಟಿ ಎರಡೂ ಉಳಿಯುತ್ತವೆ. ಹೋಗುವುದು ಗೆನ್ನೆ ಮತ್ತು ಕಿವಿಯ ಕೆಳಗಿನ ಮೂಳೆ.

ದೋಟಿಯ ಮಾತು ಎತ್ತಿದಾಗ ಬೆಂಗಳೂರಿನ ಡಾಕ್ಟರು ಪೆನ್ ಕೆಳಗಿಟ್ಟು ಅಪ್ಪನ ಜೊತೆಯೇ ಮಾತಾಡಿದರು. ಮೂಳೆ ಹಾಕಿದರೆ ಹಲ್ಲಿನ ಸಾಲು ಹೆಚ್ಚು ನೆಟ್ಟಗಿರುತ್ತದೆ, ಆದರೆ ಕಾಲು ಕೊಡಬೇಕು. ಎದೆಯಿಂದಾದರೆ ಬೇಗ ಮುಗಿಯುತ್ತದೆ, ಆದರೆ ಭುಜ ಕೊಡಬೇಕು. ಮೂರನೆಯದಾಗಿ ತೊಡೆಯ ಚರ್ಮ ಮತ್ತು ಕೊಬ್ಬನ್ನು ರಕ್ತನಾಳದೊಂದಿಗೆ ತಂದು ಮೂಳೆ ಇಲ್ಲದೆ ಮುಚ್ಚಬಹುದು. ದವಡೆ ಸ್ವಲ್ಪ ವಾಲುತ್ತದೆ, ಭುಜ ಮತ್ತು ಮೀನಖಂಡ ಉಳಿಯುತ್ತವೆ. ಈ ಮೂರನೆಯ ದಾರಿ ಮೊದಲ ಸಲ ನಮ್ಮ ಮುಂದೆ ಬಂದಿರಲೇ ಇಲ್ಲ, ಬಹುಶಃ ನಾವು ಕೇಳದ ಕಾರಣಕ್ಕೆ. ಅಪ್ಪ ತೊಡೆ ಎಂದರು. "ಚಕ್ಕುಲಿ ಬಿಟ್ಟರೂ ನಡೆದೀತು, ಕೊನೆ ಕೊಯ್ಲು ಬಿಟ್ಟರೆ ನಡೆಯದು" ಎಂಬುದು ಅವರ ಲೆಕ್ಕ. ಅಮ್ಮನಿಗೆ ಇನ್ನೂ ಒಪ್ಪಿಗೆ ಇಲ್ಲ, ಮುಖ ಓರೆಯಾಗುತ್ತದೆ ಎಂದು.

ಆಪರೇಷನ್ನಿಗೆ ಮುಂಚೆ ನಾವು ಮಾಡಬೇಕಾದದ್ದು ಏನಾದರೂ ಉಳಿದಿದೆಯೇ? ಅಪ್ಪನ ಎಡಗಡೆಯ ಎರಡು ಹಲ್ಲು ಅಲುಗಾಡುತ್ತಿವೆ.

ಭುಜಬಲ:

ಭುಜದ ವ್ಯಾಯಾಮವನ್ನು ಈಗಲೇ ಕಲಿಸಿ. ತೊಡೆಯ ಫ್ಲ್ಯಾಪ್ ಆದರೂ ಕುತ್ತಿಗೆಯ ನರ ಸೋಲುವುದು ತಪ್ಪುವುದಿಲ್ಲ. ನೋವಿನಲ್ಲಿ ಮಲಗಿರುವವರಿಗೆ ಹೊಸದನ್ನು ಕಲಿಸುವುದು ಕಷ್ಟ. ಕವಳ ಇವತ್ತೇ ಬಿಡಿಸಿ, ತಂಬಾಕು ರಕ್ತನಾಳದ ಶತ್ರು.

ಸೂಜಿದಾರ:

ಹಲ್ಲಿನ ಡಾಕ್ಟರಿಗೆ ಈ ವಾರವೇ ತೋರಿಸಿ. ಕೀಳಬೇಕಾದ ಹಲ್ಲುಗಳಿದ್ದರೆ ಆಪರೇಷನ್ ಸಮಯದಲ್ಲೇ ಕಿತ್ತುಬಿಡುವುದು ಒಳ್ಳೆಯದು. ಆಮೇಲಾದರೆ ರೇಡಿಯೇಷನ್ ಶುರುವಾಗುವ ಎರಡು ವಾರ ಮೊದಲು ಮುಗಿಯಬೇಕು. ರೇಡಿಯೇಷನ್ ಬಿದ್ದ ದವಡೆಯಿಂದ ಮುಂದೆ ಹಲ್ಲು ಕಿತ್ತರೆ ಗಾಯ ಮಾಯದೆ ಮೂಳೆಯೇ ಸಾಯುವ ಅಪಾಯ ಇದೆ, ಹತ್ತು ವರ್ಷ ಕಳೆದರೂ ಇದೆ. ಹಲ್ಲಿನ ಡಾಕ್ಟರು ಬರೆದ ಚೀಟಿಯ ಒಂದು ಪ್ರತಿಯನ್ನು ರೇಡಿಯೇಷನ್ ವಿಭಾಗಕ್ಕೂ ಕೊಡಿ. ಅಮ್ಮನನ್ನು ಮುಂದಿನ ಭೇಟಿಗೆ ಕರೆದುಕೊಂಡು ಹೋಗಿ, ಆಪರೇಷನ್ ಆದವರ ಫೋಟೋಗಳನ್ನು ತೋರಿಸಲು ಡಾಕ್ಟರನ್ನೇ ಕೇಳಿ.